ಅಕ್ಷರಗಳ ಸಾಲು ನೋಡಿ ನಂಟು ಹೇಳುವುದು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿಜ್ಞಾನ ಓದುವ ಮಕ್ಕಳಿಗೆ ಉಪಯೋಗವಾಗುವ ಯಾವುದಾದರೊಂದು ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ಕೇಳಿಕೊಂಡರು. ನಾನು ಆರಿಸಿಕೊಂಡ ವಿಷಯ ಇದು: ಒಂದು ಪ್ರೋಟೀನು ಮತ್ತು ಒಂದು ಆರ್‌ಎನ್‌ಎ ಪರಸ್ಪರ ಅಂಟಿಕೊಳ್ಳುತ್ತವೆಯೋ ಇಲ್ಲವೋ ಎಂಬುದನ್ನು, ಪ್ರಯೋಗಾಲಯಕ್ಕೆ ಹೋಗದೆ, ಕೇವಲ ಅವುಗಳ ಅಕ್ಷರಗಳ ಸಾಲನ್ನು ಅಂತರ್ಜಾಲದ ಒಂದು ತಾಣಕ್ಕೆ ಕೊಟ್ಟು ಊಹಿಸುವುದು ಹೇಗೆ, ಮತ್ತು ಆ ಊಹೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು. ವಿಷಯ ಕೇಳಿ ಹಿರಿಯರು ಗಾಬರಿಪಡಬೇಕಾಗಿಲ್ಲ. ನಮ್ಮದೇ ಕಾಡಂಚಿನ ಒಂದು ಜ್ವರದಿಂದ ಆರಂಭಿಸುತ್ತೇನೆ.

ಮಂಗನ ಕಾಯಿಲೆ ಎಂದರೆ ಕೊಲ್ಲೂರು, ಹೊಸಂಗಡಿ, ಸಿದ್ದಾಪುರ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಗುರುತಿಸಿದರು. ಉಣುಗು ಕಚ್ಚಿದಾಗ ಅದು ಮನುಷ್ಯನಿಗೆ ದಾಟುತ್ತದೆ. ರೋಗ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. 1982-83ರಲ್ಲಿ ಅದು ಘಟ್ಟ ಇಳಿದು ಬೆಳ್ತಂಗಡಿ ಕಡೆ ದೊಡ್ಡದಾಗಿ ಕಾಣಿಸಿಕೊಂಡಿತು. 2019ರ ಆರಂಭದಲ್ಲಿ ಸಾಗರ ತಾಲೂಕಿನಲ್ಲಿ ಸಾವುಗಳಾದಾಗ ನಮ್ಮ ಉಡುಪಿ ಜಿಲ್ಲೆಯಲ್ಲೂ ಸತ್ತ ಮಂಗಗಳನ್ನು ಹುಡುಕಿ ಪರೀಕ್ಷೆಗೆ ಕಳುಹಿಸುವ ಕೆಲಸ ನಡೆಯಿತು. ಈ ರೋಗಕ್ಕೆಂದೇ ಒಂದು ಔಷಧಿ ಇಂದಿಗೂ ಇಲ್ಲ. ಬಹಳ ವರ್ಷ ಕೊಡುತ್ತಿದ್ದ ಹಳೆಯ ಲಸಿಕೆಯನ್ನೂ ಪರಿಣಾಮ ಸಾಲದೆಂದು 2022ರ ಹೊತ್ತಿಗೆ ನಿಲ್ಲಿಸಲಾಯಿತು.

ಈ ವೈರಸ್ಸಿನ ವಂಶಗ್ರಂಥ ಡಿಎನ್‌ಎಯಲ್ಲಿ ಇಲ್ಲ, ಆರ್‌ಎನ್‌ಎಯಲ್ಲಿದೆ. ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು 11 ಸಾವಿರ ಅಕ್ಷರಗಳ ಒಂದೇ ಎಳೆ. ಜೀವಕೋಶದೊಳಗೆ ಹೊಕ್ಕ ಮೇಲೆ ಆ ಎಳೆಯಿಂದ 3,416 ಅಮೈನೋ ಆಮ್ಲಗಳ ಒಂದು ಉದ್ದನೆಯ ಪ್ರೋಟೀನು ತಯಾರಾಗಿ, ಆಮೇಲೆ ಹತ್ತು ತುಂಡಾಗುತ್ತದೆ. ಆ ಹತ್ತರಲ್ಲಿ ಕೆಲವಕ್ಕೆ ಆರ್‌ಎನ್‌ಎಯನ್ನು ಹಿಡಿದುಕೊಳ್ಳುವುದೇ ಕಸುಬು. ಕವಚದ ಸಣ್ಣ ಪ್ರೋಟೀನು ಆರ್‌ಎನ್‌ಎಯನ್ನು ಸುತ್ತಿ ಒಳಗೆ ಕಟ್ಟಿಡುತ್ತದೆ. ಎನ್‌ಎಸ್‌3 ಎಂಬುದು ಹೆಣೆದುಕೊಂಡ ಎಳೆಗಳನ್ನು ಬಿಡಿಸುತ್ತದೆ. ಎನ್‌ಎಸ್‌5 ಎಂಬ ದೊಡ್ಡ ಪ್ರೋಟೀನು, ಸುಮಾರು 900 ಅಮೈನೋ ಆಮ್ಲದ್ದು, ಆರ್‌ಎನ್‌ಎಯನ್ನು ನೋಡಿ ಇನ್ನೊಂದು ಆರ್‌ಎನ್‌ಎಯನ್ನು ನಕಲು ಮಾಡುತ್ತದೆ. ಈ ಹಿಡಿತ ತಪ್ಪಿದರೆ ವೈರಸ್ಸು ಮರಿ ಹಾಕಲಾರದು. ಇದು ಬರೀ ಪುಸ್ತಕದ ಮಾತಲ್ಲ. ಇದೇ ದೊಡ್ಡ ಕುಟುಂಬಕ್ಕೆ ಸೇರಿದ ಹೆಪಟೈಟಿಸ್ ಸಿ ವೈರಸ್ಸಿನ ನಕಲು ಮಾಡುವ ಪ್ರೋಟೀನನ್ನೇ ಗುರಿಯಾಗಿಸಿಕೊಂಡ ಸೊಫೊಸ್‌ಬುವಿರ್ ಎಂಬ ಮಾತ್ರೆ 2013ರಲ್ಲಿ ಬಳಕೆಗೆ ಬಂತು, ಆ ರೋಗದ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಯಾವ ಪ್ರೋಟೀನು ಯಾವ ಆರ್‌ಎನ್‌ಎಯನ್ನು ಹಿಡಿಯುತ್ತದೆ ಎಂದು ತಿಳಿಯುವುದಕ್ಕೆ ಜಗತ್ತಿನ ಪ್ರಯೋಗಾಲಯಗಳು ಯಾಕೆ ಇಷ್ಟು ಖರ್ಚು ಮಾಡುತ್ತವೆ ಎಂಬುದಕ್ಕೆ ಇಷ್ಟು ಸಾಕು.

ಹಿಡಿತದ ಮೂಲ ಕಾರಣ ಪಿಯುಸಿ ರಸಾಯನಶಾಸ್ತ್ರದ್ದು. ಆರ್‌ಎನ್‌ಎಯ ಬೆನ್ನೆಲುಬಿನಲ್ಲಿ ಫಾಸ್ಫೇಟ್ ಗುಂಪುಗಳಿವೆ, ಅವು ಋಣ ವಿದ್ಯುದಂಶ ಹೊತ್ತಿರುತ್ತವೆ. ಪ್ರೋಟೀನಿನ 20 ಬಗೆಯ ಅಮೈನೋ ಆಮ್ಲಗಳಲ್ಲಿ ಲೈಸಿನ್ ಮತ್ತು ಆರ್ಜಿನಿನ್ ಧನ ವಿದ್ಯುದಂಶದವು. ಇವು ಹೆಚ್ಚಾಗಿ ಗುಂಪುಗೂಡಿರುವ ಪ್ರೋಟೀನು ಆರ್‌ಎನ್‌ಎ ಕಡೆಗೆ ಸೆಳೆಯಲ್ಪಡುವುದು ಸಹಜ. ಆದರೆ ಸೆಳೆತವೇ ಹಿಡಿತವಲ್ಲ. ಗಂಗೊಳ್ಳಿಯ ಬಂದರಿನಲ್ಲಿ ನಿಂತವರೆಲ್ಲ ದೋಣಿ ಹತ್ತುವುದಿಲ್ಲವಷ್ಟೇ. ಆಕಾರ ಹೊಂದಬೇಕು, ಸರಿಯಾದ ಜಾಗದಲ್ಲಿ ಸರಿಯಾದ ಅಕ್ಷರ ಇರಬೇಕು, ಎರಡೂ ಜೀವಕೋಶದ ಒಂದೇ ಮೂಲೆಯಲ್ಲಿ ಒಂದೇ ಹೊತ್ತಿಗೆ ಇರಬೇಕು.

ಈಗ ಉಪಕರಣಕ್ಕೆ ಬರೋಣ. ಇಂಥ ತಾಣಗಳು ಹಲವು ಇವೆ. ನಾನು ವಿವರಿಸುವುದು ಆರ್‌ಪಿಐ-ಸೆಕ್ ಎಂಬುದನ್ನು, ಏಕೆಂದರೆ ಅದರ ಒಳಗಿನ ಲೆಕ್ಕ ಬಿ.ಎಸ್ಸಿ. ವಿದ್ಯಾರ್ಥಿಗೂ ಅರ್ಥವಾಗುವಷ್ಟು ಸರಳ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಉಷಾ ಮುಪ್ಪಿರಾಲ, ವಸಂತ್ ಹೊನಾವರ್ ಮತ್ತು ಡ್ರೀನಾ ಡಾಬ್ಸ್ ಎಂಬ ಮೂವರು ಇದನ್ನು ಮಾಡಿ 2011ರಲ್ಲಿ ಪ್ರಕಟಿಸಿದರು. ಹೊನಾವರ್ ಎಂಬ ಹೆಸರು ಕೇಳಿದೊಡನೆ ನಮಗೆ ಪಕ್ಕದ ಹೊನ್ನಾವರ ನೆನಪಾಗುತ್ತದೆ. ಅವರು ಇಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಬಿಎಂಎಸ್ ಕಾಲೇಜಿನಲ್ಲಿ. ಬಸವನಗುಡಿಯ ಕಾಲೇಜಿನಿಂದ ಹೊರಟವರು ಜೀವಶಾಸ್ತ್ರಕ್ಕೆ ಗಣಕಯಂತ್ರದ ಮೂಲಕ ಬಂದರು ಎನ್ನುವುದನ್ನು, ಮೆಡಿಕಲ್ ಸೀಟು ಸಿಗಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡು ಕುಳಿತಿರುವ ಮಕ್ಕಳು ಸ್ವಲ್ಪ ಗಮನಿಸಬೇಕು.

ಲೆಕ್ಕ ಹೀಗಿದೆ. 20 ಅಮೈನೋ ಆಮ್ಲಗಳನ್ನು ಅವುಗಳ ಗುಣ ಮತ್ತು ಗಾತ್ರ ನೋಡಿ 7 ಗುಂಪು ಮಾಡುತ್ತಾರೆ. ಲೈಸಿನ್, ಆರ್ಜಿನಿನ್ ಒಂದು ಗುಂಪು. ಆಮ್ಲ ಗುಣದ ಎರಡು ಸೇರಿ ಇನ್ನೊಂದು. ಸಿಸ್ಟೀನಿಗೆ ಮಾತ್ರ ಒಂಟಿ ಮನೆ. ಆಮೇಲೆ ಪ್ರೋಟೀನಿನ ಸಾಲಿನಲ್ಲಿ ಅಕ್ಕಪಕ್ಕದ ಮೂರು ಮೂರನ್ನು ತೆಗೆದುಕೊಂಡು, ಯಾವ ಗುಂಪಿನ ತ್ರಿಕ ಎಷ್ಟು ಬಾರಿ ಬಂತು ಎಂದು ಎಣಿಸುತ್ತಾರೆ. ಏಳನ್ನು ಏಳರಿಂದ ಗುಣಿಸಿ ಮತ್ತೆ ಏಳರಿಂದ ಗುಣಿಸಿದರೆ 343 ಬಗೆಯ ತ್ರಿಕಗಳು. ಆರ್‌ಎನ್‌ಎಯಲ್ಲಿ ಅಕ್ಕಪಕ್ಕದ ನಾಲ್ಕು ಅಕ್ಷರಗಳನ್ನು ತೆಗೆದುಕೊಂಡರೆ 256 ಬಗೆ. ಎರಡೂ ಸೇರಿ 599 ಅಂಕಿಗಳು. ನೀವು ಕೊಟ್ಟ ಒಂದು ಪ್ರೋಟೀನು, ಒಂದು ಆರ್‌ಎನ್‌ಎ ಎಷ್ಟೇ ಉದ್ದವಿರಲಿ, ಆ ಯಂತ್ರದ ಕಣ್ಣಿಗೆ ಬೀಳುವುದು ಈ 599 ಅಂಕಿಗಳು ಮಾತ್ರ.

ಈ ಅಂಕಿಗಳ ಮೇಲೆ ತೀರ್ಪು ಕೊಡಲು ಯಂತ್ರಕ್ಕೆ ಮೊದಲೇ ತರಬೇತಿ ಆಗಿರುತ್ತದೆ. ಪ್ರಯೋಗದಲ್ಲಿ ಒಟ್ಟಿಗೆ ಅಂಟಿರುವುದನ್ನು ಕಂಡು, ರಚನೆ ದಾಖಲಾಗಿರುವ ಜೋಡಿಗಳನ್ನು 'ಹೌದು' ಎಂದು ತೋರಿಸುತ್ತಾರೆ. ಬೇರೆ ಜೋಡಿಗಳನ್ನು 'ಅಲ್ಲ' ಎಂದು ತೋರಿಸುತ್ತಾರೆ. ಎರಡು ವಿಧಾನಗಳಿವೆ. ಒಂದರಲ್ಲಿ ನೂರಾರು ಸಣ್ಣ ಸಣ್ಣ ಪ್ರಶ್ನಾವಳಿಯ ಮರಗಳು ಒಂದೊಂದು ಮತ ಹಾಕುತ್ತವೆ, ಗ್ರಾಮ ಪಂಚಾಯತಿ ಚುನಾವಣೆಯಂತೆ. ಇನ್ನೊಂದರಲ್ಲಿ ಹೌದುಗಳು ಒಂದು ಕಡೆ, ಅಲ್ಲಗಳು ಇನ್ನೊಂದು ಕಡೆ ಬರುವಂತೆ ನಡುವೆ ಬೇಲಿ ಹಾಕುತ್ತಾರೆ. ಕೊನೆಗೆ ನಿಮಗೆ ಸಿಗುವುದು 0 ಮತ್ತು 1ರ ನಡುವಿನ ಒಂದು ಸಂಖ್ಯೆ. 0.5 ದಾಟಿದರೆ ಅಂಟುತ್ತದೆ ಎಂಬ ಊಹೆ.

ನಮ್ಮ ಮನೆಗಳಲ್ಲಿ ಸಂಬಂಧ ನೋಡುವಾಗ ಬಯೋಡೇಟಾ ಓದಿಯೇ "ಇದು ಕೂಡಿ ಬರುವ ಹಾಗಿದೆ" ಎಂದು ಹೇಳುವ ಹಿರಿಯರೊಬ್ಬರು ಇರುತ್ತಾರಲ್ಲ, ಹಾಗೆ. ಅವರ ಮಾತು ಬಹಳ ಸಲ ಸರಿಯಾಗುತ್ತದೆ, ಏಕೆಂದರೆ ನೂರಾರು ಸಂಬಂಧ ಕುದುರಿದ್ದನ್ನು, ಮುರಿದದ್ದನ್ನು ಅವರು ನೋಡಿದ್ದಾರೆ. ಆದರೆ ಅವರ ಮಾತು ಕೇಳಿ ಯಾರೂ ಮರುದಿನವೇ ಹಾಲ್ ಬುಕ್ ಮಾಡುವುದಿಲ್ಲ. ಮನೆಗೆ ಹೋಗಿ, ಕುಳಿತು ಮಾತನಾಡಿ, ಆಮೇಲೆ ಮುಂದಿನದು.

ಈ ಹಾಲ್ ಬುಕ್ ಮಾಡುವ ತಪ್ಪು ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಆಗುತ್ತಿದೆ, ಅದಕ್ಕಾಗಿಯೇ ಈ ವಿಷಯ ಆರಿಸಿದೆ. ಈಚೆಗೆ ಒಂದು ಕಾಲೇಜಿನ ಪ್ರಾಜೆಕ್ಟ್ ವರದಿ ನನ್ನ ಕೈಗೆ ಬಂತು. ಅಂದವಾದ ಬೈಂಡಿಂಗ್, ಬಣ್ಣದ ಚಿತ್ರಗಳು. ಒಳಗೆ ಒಂದು ಪ್ರೋಟೀನಿಗೂ ಒಂದು ಆರ್‌ಎನ್‌ಎಗೂ 0.87 ಬಂದಿದೆ, ಆದ್ದರಿಂದ ಇವೆರಡೂ ಅಂಟುತ್ತವೆ ಎಂದು 'ಸಾಬೀತಾಗಿದೆ' ಎಂದು ಬರೆದಿತ್ತು. ಬರೆದ ಮಕ್ಕಳನ್ನು ನಾನು ದೂರುವುದಿಲ್ಲ. ಮಾರ್ಗದರ್ಶನ ಮಾಡಿದವರು ಆ ಒಂದು ಪದದ ಕೆಳಗೆ ಗೆರೆ ಎಳೆಯಬೇಕಿತ್ತು. 0.87 ಎಂದರೆ ನೂರರಲ್ಲಿ 87 ಪಾಲು ನಿಜ ಎಂದು ಅರ್ಥವಲ್ಲ. ತಾನು ಕಲಿತ ಉದಾಹರಣೆಗಳಿಗೆ ಹೋಲಿಸಿದರೆ ಇದು ಹೌದು ಎನ್ನುವ ಬದಿಯಲ್ಲಿದೆ ಎಂದಷ್ಟೇ ಯಂತ್ರ ಹೇಳುತ್ತಿದೆ.

ಕಲಿತ ಉದಾಹರಣೆಗಳು ಎಂತಹವು ಎಂಬುದನ್ನು ಕೇಳಲೇಬೇಕು. ಆರ್‌ಪಿಐ-ಸೆಕ್ ಮಾಡಿದವರು ಇದನ್ನು ಮುಚ್ಚಿಟ್ಟಿಲ್ಲ. ಅವರ ಬಳಿ 2,241 ಜೋಡಿಗಳ ಒಂದು ಪಟ್ಟಿ ಇತ್ತು, 369 ಜೋಡಿಗಳ ಇನ್ನೊಂದು ಪಟ್ಟಿ ಇತ್ತು. ದೊಡ್ಡ ಪಟ್ಟಿಯಲ್ಲಿ ರೈಬೋಸೋಮಿನ ಜೋಡಿಗಳು ತುಂಬಿದ್ದವು. ರೈಬೋಸೋಮ್ ಎಂದರೆ ಜೀವಕೋಶದ ಪ್ರೋಟೀನು ತಯಾರಿಸುವ ಕಾರ್ಖಾನೆ. ಅದರ ಪ್ರೋಟೀನುಗಳು ಆರ್‌ಎನ್‌ಎಗೆ ಅಂಟಿಯೇ ಇರುವಂಥವು, ಲೈಸಿನ್-ಆರ್ಜಿನಿನ್ ಧಾರಾಳವಾಗಿ ಇರುವಂಥವು. ಆ ಪಟ್ಟಿಯ ಮೇಲೆ ಯಂತ್ರ ನೂರಕ್ಕೆ ಸುಮಾರು 90 ಸರಿ ಹೇಳಿತು. ರೈಬೋಸೋಮನ್ನು ಹೊರಗಿಟ್ಟ ಸಣ್ಣ ಪಟ್ಟಿಯ ಮೇಲೆ ಅದೇ ಯಂತ್ರದ ಸರಿ ಉತ್ತರ 70 ಮತ್ತು 80ರ ನಡುವೆ ಇಳಿಯಿತು. ಸುಲಭದ ಪ್ರಶ್ನೆಪತ್ರಿಕೆಯಲ್ಲಿ 90, ಕಷ್ಟದ್ದರಲ್ಲಿ 75. ನಿಮ್ಮ ಪ್ರೋಟೀನು ಯಾವ ಪತ್ರಿಕೆಗೆ ಸೇರಿದ್ದು ಎಂದು ಮೊದಲು ನೋಡಬೇಕು.

'ಅಲ್ಲ' ಎಂಬ ಉದಾಹರಣೆಗಳ ಕಥೆ ಇನ್ನೂ ಸೂಕ್ಷ್ಮ. ಎರಡು ಅಣುಗಳು ಅಂಟುವುದಿಲ್ಲ ಎಂದು ಪ್ರಯೋಗ ಮಾಡಿ ಪ್ರಕಟಿಸುವವರು ಬಹಳ ಕಡಿಮೆ. ಹಾಗಾಗಿ ಇಂತಹ ಉಪಕರಣಗಳನ್ನು ಕಟ್ಟುವವರು ಗೊತ್ತಿರುವ ಜೋಡಿಗಳನ್ನು ಬಿಟ್ಟು, ಉಳಿದವನ್ನು ಅಡ್ಡಾದಿಡ್ಡಿಯಾಗಿ ಜೋಡಿಸಿ 'ಅಲ್ಲ' ಎಂದು ಇಟ್ಟುಕೊಳ್ಳುತ್ತಾರೆ. ಅವುಗಳಲ್ಲಿ ಕೆಲವು ನಿಜವಾಗಿ ಅಂಟುವಂಥವೂ ಇರಬಹುದು. ಬೇರೆ ದಾರಿ ಇಲ್ಲದ್ದರಿಂದ ಹೀಗೆ ಮಾಡುತ್ತಾರೆ, ಅದು ಮೋಸವಲ್ಲ. ಆದರೆ ಬಳಸುವವರಿಗೆ ಗೊತ್ತಿರಬೇಕು.

ಇನ್ನೊಂದು ಲೆಕ್ಕವನ್ನು ಮಕ್ಕಳು ಈಗಲೇ ಬರೆದುಕೊಳ್ಳಿ. 1,000 ಪ್ರೋಟೀನುಗಳಿವೆ ಎಂದಿಟ್ಟುಕೊಳ್ಳಿ, ಅವುಗಳಲ್ಲಿ ನಿಮ್ಮ ಆರ್‌ಎನ್‌ಎಗೆ ನಿಜವಾಗಿ ಅಂಟುವವು 50. ಯಂತ್ರ ಎರಡೂ ಕಡೆ ನೂರಕ್ಕೆ 90 ಸರಿ. ಐವತ್ತರಲ್ಲಿ 45ನ್ನು ಅದು ಹಿಡಿಯುತ್ತದೆ. ಉಳಿದ 950ರಲ್ಲಿ ನೂರಕ್ಕೆ 10ರಂತೆ 95ನ್ನು ತಪ್ಪಾಗಿ ಹೌದು ಎನ್ನುತ್ತದೆ. ಒಟ್ಟು 140 ಹೌದುಗಳು, ಅವುಗಳಲ್ಲಿ ನಿಜ 45. ಮೂರರಲ್ಲಿ ಎರಡು ಸುಳ್ಳು! ಯಂತ್ರ ಕೆಟ್ಟದ್ದೆಂದಲ್ಲ. ಹುಡುಕುವ ವಸ್ತು ಅಪರೂಪವಾದಾಗ ಒಳ್ಳೆಯ ಯಂತ್ರವೂ ಹೀಗೆಯೇ ಮಾಡುತ್ತದೆ. ಆದರೂ ಲಾಭವಿದೆ. ಸಾವಿರವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಬದಲು 140ನ್ನು ಪರೀಕ್ಷಿಸಿದರೆ ಸಾಕು. ಹಣವಿಲ್ಲದ ಪ್ರಯೋಗಾಲಯಕ್ಕೆ ಇದು ಸಣ್ಣ ಉಪಕಾರವಲ್ಲ.

ಅಕ್ಷರ ಎಣಿಸುವ ಲೆಕ್ಕಕ್ಕೆ ಕಾಣದೇ ಹೋಗುವುದು ಏನು ಎಂಬುದಕ್ಕೆ ಡೆಂಗಿಯಿಂದ ಒಂದು ಉದಾಹರಣೆ. ಡೆಂಗಿ ವೈರಸ್ಸು ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿ. ಅದರ ಎನ್‌ಎಸ್‌5 ಸಿಕ್ಕಸಿಕ್ಕ ಆರ್‌ಎನ್‌ಎಯನ್ನು ಸಮಾನವಾಗಿ ನಕಲು ಮಾಡುವುದಿಲ್ಲ. ವೈರಸ್ಸಿನ ಎಳೆಯ ಆರಂಭದ ಸುಮಾರು 70 ಅಕ್ಷರಗಳು ಮಡಚಿಕೊಂಡು ಒಂದು ಕವಲಿನ ಆಕಾರ ತಾಳುತ್ತವೆ. ಎನ್‌ಎಸ್‌5 ಅದನ್ನು ಗುರುತಿಸಿ ಹಿಡಿಯುತ್ತದೆ. ಎಳೆಯ ತಲೆ ಮತ್ತು ಬಾಲ ಕೂಡಿ ಉಂಗುರದಂತಾದಾಗ, ತಲೆಯಲ್ಲಿ ಹಿಡಿದ ಪ್ರೋಟೀನು ಬಾಲದಿಂದ ನಕಲು ಆರಂಭಿಸುತ್ತದೆ. ಇದನ್ನು ಅರ್ಜೆಂಟೀನದ ಸಂಶೋಧಕರು 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಇಲ್ಲಿ ಮುಖ್ಯವಾದದ್ದು ಆಕಾರ. ನಾಲ್ಕು ನಾಲ್ಕು ಅಕ್ಷರಗಳ ಎಣಿಕೆಗೆ ಕವಲೂ ತಿಳಿಯದು, ಉಂಗುರವೂ ತಿಳಿಯದು. ಪುಸ್ತಕದಲ್ಲಿ 'ಮೀನು' ಎಂಬ ಪದ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ ಅದು ಅಡುಗೆ ಪುಸ್ತಕವೋ ಪ್ರಾಣಿಶಾಸ್ತ್ರವೋ ಎಂದು ಊಹಿಸಿದಂತೆ.

ಆದ್ದರಿಂದ ನೀವು ಇಂಥ ತಾಣ ಬಳಸುವಾಗ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ನಿಮ್ಮ ಆರ್‌ಎನ್‌ಎಯ ಅಕ್ಷರಗಳನ್ನೇ ಇಸ್ಪೀಟಿನ ಎಲೆ ಕಲೆಸಿದಂತೆ ಕಲೆಸಿ, ಇಪ್ಪತ್ತು ಸುಳ್ಳು ಆರ್‌ಎನ್‌ಎ ತಯಾರಿಸಿ. ಅದೇ ಪ್ರೋಟೀನಿನ ಜೊತೆ ಒಂದೊಂದನ್ನೂ ಕೊಟ್ಟು ನೋಡಿ. ನಿಜವಾದದ್ದಕ್ಕೆ 0.87 ಬಂದು, ಸುಳ್ಳುಗಳಿಗೂ 0.85, 0.88 ಎಂದೇ ಬರುತ್ತಿದ್ದರೆ, ಯಂತ್ರ ನಿಮ್ಮ ಜೋಡಿಯ ಬಗ್ಗೆ ಏನೂ ಹೇಳಿಲ್ಲ. ಈ ಪ್ರೋಟೀನಿಗೆ ಆರ್‌ಎನ್‌ಎ ಎಂದರೆ ಇಷ್ಟ ಎಂದಷ್ಟೇ ಹೇಳಿದೆ. ಅದೂ ಒಂದು ಮಾಹಿತಿಯೇ, ಆದರೆ ಬೇರೆ ಮಾಹಿತಿ. ಹಾಗೆಯೇ ಆರ್‌ಎನ್‌ಎಗೆ ಸಂಬಂಧವಿಲ್ಲದ ಹಿಮೋಗ್ಲೋಬಿನ್‌ನಂಥ ಪ್ರೋಟೀನನ್ನೂ ಕೊಟ್ಟು ನೋಡಿ. ಈ ಎರಡು ಪರೀಕ್ಷೆಗಳಿಗೆ ಅರ್ಧ ದಿನ ಸಾಕು, ಖರ್ಚು ಏನೂ ಇಲ್ಲ.

ಜೋಡಿ ಅಂಟುತ್ತದೆಯೇ ಎಂಬುದು ಒಂದು ಪ್ರಶ್ನೆ, ಪ್ರೋಟೀನಿನ ಯಾವ ಅಮೈನೋ ಆಮ್ಲ ಅಂಟುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ನಮ್ಮ ದೇಶದಲ್ಲೇ ತಯಾರಾದ ಉಪಕರಣವಿದೆ. ಚಂಡೀಗಢದ ಇಮ್‌ಟೆಕ್ ಸಂಸ್ಥೆಯಲ್ಲಿದ್ದಾಗ ಜಿ.ಪಿ.ಎಸ್. ರಾಘವ ಅವರ ತಂಡ 2008ರಲ್ಲಿ ಪ್ರಕಟಿಸಿದ 'ಪಿಪ್ರಿಂಟ್' ಅಂಥದ್ದು. ಅದು ನಿಮ್ಮ ಪ್ರೋಟೀನಿನ ಬಂಧುಗಳ ಸಾಲುಗಳನ್ನೂ ಒಟ್ಟಿಗೆ ಇಟ್ಟು, ಕಾಲಾಂತರದಲ್ಲಿ ಬದಲಾಗದೆ ಉಳಿದ ಜಾಗಗಳಿಗೆ ಬೆಲೆ ಕೊಡುತ್ತದೆ. 2024ರಲ್ಲಿ ಬಂದ ಆಲ್ಫಾಫೋಲ್ಡ್ 3 ಪ್ರೋಟೀನು ಮತ್ತು ಆರ್‌ಎನ್‌ಎ ಒಟ್ಟಿಗೆ ಕುಳಿತ ಆಕಾರವನ್ನೇ ಊಹಿಸುತ್ತದೆ. ಆದರೆ ಪ್ರೋಟೀನಿನಲ್ಲಿ ಅದಕ್ಕಿರುವಷ್ಟು ನಿಖರತೆ ಆರ್‌ಎನ್‌ಎಯಲ್ಲಿ ಇಲ್ಲ. ಚಿತ್ರ ಚೆಂದವಿದೆ ಎಂದು ನಂಬಿಕೆ ಹೆಚ್ಚಿಸಿಕೊಳ್ಳಬೇಡಿ.

ನಿಜವಾದ ನಂಟನ್ನು ಕಂಡುಹಿಡಿಯಲು ಎಷ್ಟು ಕಾಲ ಬೇಕು ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಎಂ.ಆರ್.ಎಸ್. ರಾವ್ ಅವರ ತಂಡ ಇಲಿಯ ಜೀವಕೋಶದಲ್ಲಿ 'ಎಂಆರ್‌ಎಚ್‌ಎಲ್' ಎಂಬ ಆರ್‌ಎನ್‌ಎಯನ್ನು ಗುರುತಿಸಿ 2004ರಲ್ಲಿ ಪ್ರಕಟಿಸಿತು. ಸುಮಾರು 2,400 ಅಕ್ಷರಗಳ ಈ ಆರ್‌ಎನ್‌ಎಯಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಹಾಗಾದರೆ ಅದಕ್ಕೆ ಕೆಲಸವೇನು? ಉತ್ತರಕ್ಕೆ ಅದರ ಜೊತೆಗಾರ ಯಾರು ಎಂದು ತಿಳಿಯಬೇಕಿತ್ತು. ಆ ಆರ್‌ಎನ್‌ಎಯನ್ನೇ ಗಾಳದಂತೆ ಬಿಟ್ಟು, ಅದಕ್ಕೆ ಕಚ್ಚಿಕೊಂಡು ಬಂದ ಪ್ರೋಟೀನುಗಳನ್ನು ಗುರುತಿಸಿದರು. ಅದರಲ್ಲಿ ಸಿಕ್ಕಿದ್ದು ಪಿ68 ಎಂಬ ಪ್ರೋಟೀನು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆರ್‌ಎನ್‌ಎಯನ್ನು ಕಡಿಮೆ ಮಾಡಿದಾಗ ಜೀವಕೋಶದಲ್ಲಿ ಯಾವ ಸಂಕೇತ ಹೆಚ್ಚುತ್ತದೆ, ಅದರಲ್ಲಿ ಪಿ68ರ ಪಾತ್ರವೇನು ಎಂದೂ ತೋರಿಸಿದ ಮೇಲೆ 2012ರಲ್ಲಿ ಪ್ರಕಟಿಸಿದರು. ಆರ್‌ಎನ್‌ಎ ಸಿಕ್ಕಿದ್ದಕ್ಕೂ ಜೊತೆಗಾರನ ವಿವರ ಅಚ್ಚಾದದ್ದಕ್ಕೂ ನಡುವೆ ಎಂಟು ವರ್ಷ. ಮೈಸೂರಿನಲ್ಲಿ ಹುಟ್ಟಿದ ರಾವ್ ಅವರು 2023ರಲ್ಲಿ ತೀರಿಕೊಂಡರು. ಒಂದು ಬಟನ್ ಒತ್ತಿ 'ಸಾಬೀತಾಗಿದೆ' ಎಂದು ಬರೆಯುವ ಮೊದಲು ಈ ಎಂಟು ವರ್ಷವನ್ನು ನೆನೆಯಿರಿ.

ಈಗ ಕೈಕೆಲಸದ ಎರಡು ಮಾತು. ಅಕ್ಷರಗಳ ಸಾಲುಗಳು ಎನ್‌ಸಿಬಿಐ ಮತ್ತು ಯುನಿಪ್ರೋಟ್ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಆರ್‌ಎನ್‌ಎ ವೈರಸ್ಸಿನ ಸಾಲನ್ನು ತೆರೆದಾಗ ಅಲ್ಲಿ 'ಯು' ಇರುವುದಿಲ್ಲ, 'ಟಿ' ಇರುತ್ತದೆ. ದಾಖಲೆಯ ಪದ್ಧತಿಯೇ ಹಾಗೆ, ಹೆದರಬೇಡಿ, ತಾಣ ಯಾವುದನ್ನು ಕೇಳುತ್ತದೆ ಎಂದು ನೋಡಿ ಬದಲಾಯಿಸಿಕೊಳ್ಳಿ. ಮಂಗನ ಕಾಯಿಲೆಯ ವೈರಸ್ಸಿನ ಪ್ರೋಟೀನು ಹುಡುಕಿದರೆ 3,416ರ ಪೂರ್ತಿ ಸಾಲು ಬರುತ್ತದೆ. ಅದನ್ನು ಹಾಗೆಯೇ ಕೊಟ್ಟರೆ ಉತ್ತರಕ್ಕೆ ಅರ್ಥವಿಲ್ಲ, ಎನ್‌ಎಸ್‌5ರ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ನೋಡಿ ಕತ್ತರಿಸಿಕೊಳ್ಳಬೇಕು. ಇಂತಹ ತಾಣಗಳ ಆಯುಷ್ಯವೂ ಹೇಳಲಾಗದು; ಅನುದಾನ ನಿಂತರೆ, ಪ್ರಾಧ್ಯಾಪಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಒಂದು ದಿನ ತೆರೆಯುವುದೇ ಇಲ್ಲ. ಹಾಗಾಗಿ ಯಾವ ದಿನ, ಯಾವ ಆವೃತ್ತಿಯಲ್ಲಿ, ಯಾವ ದಾಖಲೆ ಸಂಖ್ಯೆಯ ಸಾಲು ಕೊಟ್ಟಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 599 ಅಂಕಿಗಳನ್ನು ಎಣಿಸುವ ಪ್ರೋಗ್ರಾಮನ್ನು ಪೈಥಾನ್ ಕಲಿತ ಬಿಸಿಎ ಹುಡುಗಿ ಒಂದು ಸಂಜೆಯಲ್ಲಿ ಬರೆಯಬಲ್ಲಳು. ಬಿ.ಎಸ್ಸಿ.ಯವರು, ಬಿಸಿಎಯವರು ಜೊತೆಗೆ ಕುಳಿತುಕೊಳ್ಳಿ. ಒಂದೇ ಕಟ್ಟಡದಲ್ಲಿ ಓದಿಯೂ ಒಬ್ಬರ ಪಾಠ ಒಬ್ಬರಿಗೆ ಗೊತ್ತಿರುವುದಿಲ್ಲ ನಮ್ಮಲ್ಲಿ.

ಹೆತ್ತವರಿಗೂ ಒಂದು ಮಾತು. ಮಗಳನ್ನು ದೂರದ ಊರಿಗೆ ಕಳುಹಿಸಲು ಮನಸ್ಸಿಲ್ಲ ಎಂದು ಹಲವರು ಹೇಳುತ್ತೀರಿ. ಆ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಈ ಕೆಲಸದ ಮೊದಲ ಅರ್ಧ ಬೈಂದೂರಿನ ಮನೆಯಲ್ಲಿ ಕುಳಿತೂ ಆಗುತ್ತದೆ, ಬೇಕಾದದ್ದು ಒಂದು ಗಣಕಯಂತ್ರ ಮತ್ತು ಅಂತರ್ಜಾಲ. ಎರಡನೆಯ ಅರ್ಧಕ್ಕೆ ಪ್ರಯೋಗಾಲಯ ಬೇಕೇ ಬೇಕು, ಅದಕ್ಕೆ ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಲೇಬೇಕು. ಮೊದಲ ಅರ್ಧವನ್ನು ಸರಿಯಾಗಿ ಮಾಡಿದವಳು ಅಲ್ಲಿಗೆ ಹೋದಾಗ ಬರಿಗೈಯಲ್ಲಿ ಹೋಗಿರುವುದಿಲ್ಲ. ಯಾವ ಜೋಡಿಯನ್ನು ಮೊದಲು ಪರೀಕ್ಷಿಸಬೇಕು, ಯಾಕೆ ಎಂಬ ಪಟ್ಟಿ ಅವಳ ಕೈಯಲ್ಲಿರುತ್ತದೆ.

ಈ ರಜೆಯಲ್ಲಿ ಮಾಡಲು ಒಂದು ಕೆಲಸ ಕೊಟ್ಟು ನಿಲ್ಲಿಸುತ್ತೇನೆ. ಮಂಗನ ಕಾಯಿಲೆಯ ವೈರಸ್ಸಿನ ಎನ್‌ಎಸ್‌5ನ್ನು ತೆಗೆದುಕೊಳ್ಳಿ. ಅದೇ ವೈರಸ್ಸಿನ ಎಳೆಯ ಆರಂಭದ 150 ಅಕ್ಷರ, ನಡುವಿನ 150 ಅಕ್ಷರ, ಕೊನೆಯ 150 ಅಕ್ಷರ, ಈ ಮೂರನ್ನೂ ಬೇರೆ ಬೇರೆಯಾಗಿ ಅದರ ಜೊತೆ ಜೋಡಿಸಿ. ಪ್ರತಿಯೊಂದಕ್ಕೂ ಇಪ್ಪತ್ತು ಕಲೆಸಿದ ಸಾಲುಗಳನ್ನೂ ಕೊಡಿ. ಬಂದ ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಬರೆದು, ಕಾಲೇಜು ತೆರೆದ ಮೇಲೆ ನಿಮ್ಮ ಅಧ್ಯಾಪಕರ ಮುಂದಿಡಿ. ಯಂತ್ರ ಆರಂಭದ ತುಂಡನ್ನು ಉಳಿದವುಗಳಿಂದ ಬೇರೆ ಮಾಡಿ ನೋಡುತ್ತದೆಯೇ, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆಯೇ ಎಂದು ಗೊತ್ತಾಗುತ್ತದೆ. ಉತ್ತರ ಎರಡರಲ್ಲಿ ಯಾವುದು ಬಂದರೂ ಬರೆಯಿರಿ, ಮುಂದಿನ ವರ್ಷದ ಸಂಚಿಕೆಗೆ ಕಳುಹಿಸಿ.